ಸಾಹೇಬರ ಮೂಗು ಮತ್ತು ಎಂಟು ಪರ್ಸೆಂಟ್

ವಿರೂಪಾಕ್ಷಯ್ಯನವರು ಅಬಕಾರಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದರೂ ಅವರ ಮೂಗು ನಿವೃತ್ತಿಯಾಗಿರಲಿಲ್ಲ. ಡ್ರೈವರ್ ಪೆಟ್ರೋಲ್ ಕದಿಯುತ್ತಾನೆಂಬ ಗುಮಾನಿಯಿಂದ ದಿನಾ ಬೆಳಿಗ್ಗೆ ಅವನ ಕೈ ಮೂಸುತ್ತಿದ್ದರು. ಆಮೇಲೆ ಎಲೆಕ್ಟ್ರಿಕ್ ಕಾರು ಬಂತು. ಕರೆಂಟಿಗೆ ವಾಸನೆಯೇ ಇಲ್ಲವಲ್ಲ! ಗುಮಾನಿ ಇಮ್ಮಡಿಯಾಯಿತು.

ಒಂದು ಭಾನುವಾರ ನಂದಿ ಬೆಟ್ಟಕ್ಕೆ ಹೋದರು. ಬುಡದಲ್ಲಿ ಬ್ಯಾಟರಿ ಎಪ್ಪತ್ತು ಪರ್ಸೆಂಟ್ ಇತ್ತು. ಮೇಲೆ ಕಾಫಿ ಕುಡಿದು ಬಂದು ನೋಡಿದರೆ ಅರವತ್ತೆರಡು.

"ನಾನು ಕಾಫಿ ಕುಡಿಯೋಷ್ಟರಲ್ಲಿ ಎಂಟು ಪರ್ಸೆಂಟ್ ಯಾರಿಗೋ ಮಾರಿದ್ದೀಯ!"

"ಬೆಟ್ಟ ಹತ್ತೋಕೆ ಖರ್ಚಾಯ್ತು ಸಾರ್."

"ಕಥೆ ಹೇಳಬೇಡ. ಕೆಳಗಿಳಿಯೋದ್ರೊಳಗೆ ಒಪ್ಪಿಕೋ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಡ್ರೈವರ್ ಎರಡೂ ಕೈಯಲ್ಲಿ ಕೀ ಹಿಡಿದು ಒಪ್ಪಿಸಿದ. "ಕಳ್ಳ ಅಂದಮೇಲೆ ನಾನು ಸ್ಟಿಯರಿಂಗ್ ಮುಟ್ಟಲ್ಲ ಸಾರ್. ನೀವೇ ಓಡಿಸಿ. ನಾನು ಹಿಂದೆ ಕೈಕಟ್ಟಿಕೊಂಡು ಕೂರ್ತೀನಿ."

ಇಳಿಜಾರಿನಲ್ಲಿ ಇಂಥ ಕಾರಿನ ಚಕ್ರಗಳೇ ಮೋಟರನ್ನು ತಿರುಗಿಸಿ, ಸೈಕಲ್ಲಿನ ಡೈನಮೋದ ಹಾಗೆ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತವೆ. ಡ್ರೈವರಿಗೆ ಇದು ಗೊತ್ತಿತ್ತು. ಸಾಹೇಬರಿಗೆ ಗೊತ್ತಿರಲಿಲ್ಲ.

ಸಾಹೇಬರು ಕನ್ನಡಿಯಲ್ಲಿ ಅವನ ಕೈಗಳನ್ನೇ ಕಾಯುತ್ತಾ, ತಿರುವು ತಿರುವಿಗೂ ಬ್ರೇಕ್ ಒತ್ತುತ್ತಾ ಇಳಿಸಿದರು. ಬುಡ ಮುಟ್ಟಿದಾಗ ಅರವತ್ತೈದು ತೋರಿಸುತ್ತಿತ್ತು.

ಹಿಂದಿನ ಸೀಟಿನಿಂದ ತಗ್ಗಿದ ದನಿ ಬಂತು. "ಸಾರ್, ಮೂರು ಜಾಸ್ತಿ ಆಗಿದೆ. ದಾರಿಯಲ್ಲಿ ಯಾರ ಕಾರಿಂದ ತೆಗೆದ್ರಿ?"

"ನಾ... ನಾನು ಏನೂ ಮಾಡಿಲ್ಲ ಕಣೋ!"

"ನಾನೂ ಅದನ್ನೇ ಹೇಳಿದ್ದು ಸಾರ್."

ಸಾಹೇಬರು ಕಾರು ನಿಲ್ಲಿಸಿದರು. ಕೀ ವಾಪಸ್ ಕೊಟ್ಟು ಹಿಂದೆ ಹೋಗಿ ಕೂತರು. ಸ್ವಲ್ಪ ದೂರ ಹೋದಮೇಲೆ, ಡ್ರೈವರ್ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ತಮ್ಮ ಕೈಯನ್ನೇ ಮೂಸಿ ನೋಡಿಕೊಂಡರು.