ಮಂಗಳಾರತಿ ತಟ್ಟೆಗೆ ಬಿದ್ದ ರೂಪಾಯಿ

"ಕಣ್ಣು ಕಟ್ಟಿ ಕೂರಿಸಿ, ಪ್ರಭು. ನಾಣ್ಯವನ್ನು ಬೆರಳಲ್ಲಿ ಮುಟ್ಟಿದರೆ ಸಾಕು, ಬೆಳ್ಳಿಯೋ ತಗಡೋ ಹೇಳಿಬಿಡುತ್ತೇನೆ!"

ಕುದುರೆಕೊಂಡದ ಆಸ್ಥಾನದಲ್ಲಿ ಹೀಗೆ ಎದೆ ತಟ್ಟಿಕೊಂಡವನು ತೋಪಯ್ಯ. ರಾಜ್ಯದ ನಾಣ್ಯಗಳನ್ನು ಪರೀಕ್ಷಿಸುವ ಅಧಿಕಾರಿ.

ಅವನೆದುರು ಸೂಲಗಿತ್ತಿ ಕೆಂಪವ್ವ ಸೆರಗಿನ ಗಂಟು ಬಿಗಿಹಿಡಿದು ನಿಂತಿದ್ದಳು. ಗಂಟಿನಲ್ಲಿದ್ದದ್ದು ಇಪ್ಪತ್ತು ಹಳೆಯ ರೂಪಾಯಿ. ಆಗ ಆ ಊರಲ್ಲಿ ಎರಡು ಬಗೆಯ ನಾಣ್ಯ ಓಡುತ್ತಿದ್ದವು: ದೊರೆಯ ಅಜ್ಜನ ಮುಖವಿದ್ದ ಹಳೆಯದು, ದೊರೆ ಮುದ್ದರಂಗ ನಾಯಕನ ಮುಖವಿದ್ದ ಹೊಸದು. ಕೆಂಪವ್ವ ಎಮ್ಮೆ ಕೊಳ್ಳಲು ಹೋದರೆ ಮಾರುವವನು, "ಮೊದಲು ತೋಪಯ್ಯನವರಿಗೆ ತೋರಿಸಿಕೊಂಡು ಬಾ" ಅಂದಿದ್ದ.

"ಹಳೆಯದರಲ್ಲಿ ಬೆಳ್ಳಿಯ ವಾಸನೆಯೂ ಇಲ್ಲ, ಪ್ರಭು," ಅಂದ ತೋಪಯ್ಯ. "ಆದರೂ ಮುದುಕಿ ಅಂತ ಕನಿಕರಪಟ್ಟು ಹತ್ತು ಹಳೆಯದಕ್ಕೆ ಒಂದು ಹೊಸದು ಕೊಡ್ತೀನಿ ಅಂದೆ. ಊರವರಿಗೆಲ್ಲ ಅದೇ ದರ. ಯಾರೂ ಮಾತಾಡಲಿಲ್ಲ. ಇವಳು ನನ್ನನ್ನೇ ಕಳ್ಳ ಅಂದಳು!"

"ಎರಡು ರೂಪಾಯಿಗೆ ಎಮ್ಮೆ ಬಾಲಾನೂ ಬರಲ್ಲ, ಬುದ್ಧಿ," ದೊರೆಯ ಕಡೆ ತಿರುಗಿ ಅಂದಳು ಕೆಂಪವ್ವ. "ನೀವು ಹುಟ್ಟಿದ ದಿನ ನಿಮ್ಮಜ್ಜಾರು ನನ್ನ ಉಡಿಗೆ ಹಾಕಿದ್ದು ಇದು. ಕೈ ನಡುಗೋ ಕಾಲಕ್ಕೆ ಅನ್ನ ಆಗಲಿ ಅಂತ ಇಟ್ಟುಕೊಂಡಿದ್ದೆ."

ರಾಣಿಯ ಗೆಳತಿ ಮಲ್ಲಾಜಮ್ಮ ಕಂಬಕ್ಕೊರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಆ ಅರಮನೆಯಲ್ಲಿ ದೊರೆಯ ಮುಂದೆಯೂ ನಾಲಿಗೆ ಬಿಗಿಹಿಡಿಯದವಳು ಅವಳೊಬ್ಬಳೇ.

"ಸ್ವಲ್ಪ ನೋಡಿ ತೀರ್ಪು ಕೊಡಿ, ಪ್ರಭು," ಅಂದಳು. "ಕೊಟ್ಟ ದುಡ್ಡು ತಗಡು ಅಂತಾದರೆ, ಆ ದಿನ ಅಜ್ಜ ಪಡೆದ ಮಾಲಿನ ಬೆಲೆಯೂ ಇಳಿಯುತ್ತೆ."

ಸಭೆಯಲ್ಲಿ ಎಲ್ಲರಿಗೂ ಒಟ್ಟಿಗೆ ಕೆಮ್ಮು ಬಂತು. ದೊರೆಯ ಕಿವಿ ಕೆಂಪಾಯಿತು.

"ಹಾಗಾದರೆ ಯಾವುದರಲ್ಲಿ ಬೆಳ್ಳಿ ಇದೆ ಅಂತ ನೀನೇ ತೋರಿಸು! ಕತ್ತರಿಸುವ ಹಾಗಿಲ್ಲ, ಉಜ್ಜುವ ಹಾಗಿಲ್ಲ, ಕರಗಿಸುವ ಹಾಗಿಲ್ಲ. ಎರಡರ ಮೇಲೂ ನಮ್ಮ ಮನೆತನದ ಮುಖವಿದೆ. ತೋರಿಸಲಾಗದಿದ್ದರೆ ಆ ಗಂಟು ಬೊಕ್ಕಸಕ್ಕೆ, ಕೆಂಪವ್ವ ಊರಾಚೆಗೆ. ನೀನೂ ಅವಳ ಜೊತೆ ಹೊರಡು."

"ಆಗಲಿ. ಶುಕ್ರವಾರದ ಪೂಜೆಯೊಂದು ಮುಗಿಯಲಿ, ಪ್ರಸಾದ ತಿಂದೇ ಹೊರಡ್ತೀವಿ."

ಶುಕ್ರವಾರ ಅರಮನೆಯ ದೇವಿಯ ಮುಂದೆ ಎಲ್ಲರೂ ಸೇರಿದರು. ಮಲ್ಲಾಜಮ್ಮ ಹೇಳಿಕೊಟ್ಟಂತೆ ರಾಣಿ ತೋಪಯ್ಯನನ್ನು ಕರೆದು ಒಂದು ಚೀಲ ಕೊಟ್ಟಳು.

"ಇವತ್ತು ದೇವಿಗೆ ನನ್ನ ಹರಕೆಯ ಒಂಬತ್ತು ಆರತಿ. ತಟ್ಟೆ ಬಂದಾಗಲೆಲ್ಲ ನನ್ನ ಪರವಾಗಿ ಒಂದು ರೂಪಾಯಿ ಹಾಕಿ. ಚೀಲದಲ್ಲಿ ಹಳೆಯದು, ಹೊಸದು ಎರಡೂ ಸಮಸಮ ಇವೆ. ಯಾವುದಾದರೂ ಸರಿ. ಉಳಿದದ್ದು ನಿಮಗೆ."

ಉಳಿದದ್ದು ನಿಮಗೆ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ತೋಪಯ್ಯನಿಗೆ ಘಂಟೆಯ ಸದ್ದೂ ಕೇಳಿಸಲಿಲ್ಲ. ತಟ್ಟೆ ಬಂತು. ಅವನ ಕೈ ಚೀಲದೊಳಗೆ ಹೋಯಿತು, ತಡಕಿತು, ಒಂದನ್ನು ಹಿಡಿಯಿತು, ಬಿಟ್ಟಿತು, ಇನ್ನೊಂದನ್ನು ಹಿಡಿದು ಹೊರಗೆ ಬಂತು. ಪ್ರತಿ ಆರತಿಗೂ ಹೀಗೇ. ಕಣ್ಣು ಮುಚ್ಚಿ ದೇವಿಗೆ ಕೈಮುಗಿಯುತ್ತಲೇ ಬೆರಳು ತನ್ನ ಕೆಲಸ ಮಾಡುತ್ತಿತ್ತು.

ಪೂಜೆ ಮುಗಿದಾಗ ಮಲ್ಲಾಜಮ್ಮ ತಟ್ಟೆಯನ್ನು ದೊರೆಯ ಮುಂದೆ ಹಿಡಿದಳು. ಒಂಬತ್ತು ರೂಪಾಯಿ. ಒಂಬತ್ತರಲ್ಲೂ ಮುದ್ದರಂಗ ನಾಯಕನದೇ ಮೀಸೆ.

"ತಗಡನ್ನು ತನಗಿಟ್ಟುಕೊಂಡು ಬೆಳ್ಳಿಯನ್ನು ದೇವರಿಗೆ ಹಾಕುವವನನ್ನು ಈ ಊರಲ್ಲಿ ಯಾರಾದರೂ ಕಂಡಿದ್ದೀರಾ?"

ತೋಪಯ್ಯ ಒಂದು ಕ್ಷಣ ಬೆವರಿದ. ಆದರೆ ಅವನೇನೂ ಪೆದ್ದನಲ್ಲ.

"ಏನು ಮಾತು ತಾಯಿ! ದೇವಿಗೆ ತಗಡು ಹಾಕೋದೇ? ಒಳ್ಳೆಯದನ್ನೆಲ್ಲ ಅಮ್ಮನವರಿಗೆ ಅರ್ಪಿಸಿ, ಕೆಟ್ಟದ್ದನ್ನು ನಾನಿಟ್ಟುಕೊಂಡೆ. ಭಕ್ತಿಗೂ ತಪ್ಪು ಹುಡುಕ್ತೀರಲ್ಲ!"

ದೊರೆ ತಲೆದೂಗಿದ. ಕೆಂಪವ್ವನ ಮುಖ ಬಾಡಿತು.

"ಅಯ್ಯೋ, ನಾನೆಂಥ ಪಾಪಿ!" ಮಲ್ಲಾಜಮ್ಮ ಕೆನ್ನೆ ಬಡಿದುಕೊಂಡಳು. "ಇಂಥ ಭಕ್ತರ ಮನೆಯಲ್ಲಿ ಊರಿನ ತಗಡೆಲ್ಲ ತುಂಬಿಕೊಂಡು ಕೂತಿದೆಯಲ್ಲ! ಪ್ರಭು, ಅದಷ್ಟನ್ನೂ ನಾನೇ ಕೊಳ್ತೀನಿ. ಅವರು ಹತ್ತಕ್ಕೆ ಒಂದು ಕೊಟ್ಟರು. ನಾನು ಹತ್ತಕ್ಕೆ ಎರಡು ಕೊಡ್ತೀನಿ. ದುಪ್ಪಟ್ಟು ಲಾಭ, ಮನೆಯೂ ಚೊಕ್ಕಟ."

"ಧರ್ಮದ ಮಾತು," ಅಂದ ದೊರೆ. "ಯಾರಲ್ಲಿ? ತೋಪಯ್ಯನವರ ಮನೆಗೆ ಗಾಡಿ ಕಳಿಸಿ."

"ಗಾಡಿ ಬೇಡ, ಪ್ರಭು!"

"ಎರಡು ಗಾಡಿ ಬೇಕೇನು?"

"ಅಯ್ಯೋ, ಬೇಡ ಪ್ರಭು, ಹಾಳಾಗಿ ಹೋಗ್ತೀನಿ! ಅದೆಲ್ಲ ಅಪ್ಪಟ ಬೆಳ್ಳಿ!"

ಅಂದವನೇ ಬಾಯಿ ಮುಚ್ಚಿಕೊಂಡ. ಮಾತು ಆಗಲೇ ಹೊಸಿಲು ದಾಟಿತ್ತು.

ಆ ಸಂಜೆಯೇ ಊರವರ ಹಳೆಯ ನಾಣ್ಯಗಳು ಊರವರ ಮನೆ ಸೇರಿದವು. ತೋಪಯ್ಯ ತನ್ನ ದುಡ್ಡಿನಲ್ಲಿ ಎಮ್ಮೆ ಕೊಂಡು, ತಾನೇ ಹಗ್ಗ ಹಿಡಿದು, ಪೇಟೆಯ ನಡುವೆ ಎಳೆದುಕೊಂಡು ಹೋಗಿ ಕೆಂಪವ್ವನ ಕೊಟ್ಟಿಗೆಯಲ್ಲಿ ಕಟ್ಟಿ ಬಂದ. ಅವಳ ಇಪ್ಪತ್ತು ರೂಪಾಯಿ ಅವಳ ಗಂಟಿನಲ್ಲೇ ಉಳಿಯಿತು.

ದೊರೆಗೆ ಮಾತ್ರ ಒಂದು ಅನುಮಾನ ಕೊರೆಯತೊಡಗಿತು. ಮಲ್ಲಾಜಮ್ಮನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ:

"ಹಾಗಾದರೆ ನನ್ನ ನಾಣ್ಯದಲ್ಲಿ ಬೆಳ್ಳಿ ಎಷ್ಟಿದೆ?"

"ಅದು ನನಗೇನು ಗೊತ್ತು, ಪ್ರಭು? ನಿಮ್ಮಜ್ಜನ ನಾಣ್ಯವನ್ನು ಹೆಂಗಸರು ಸಾಸಿವೆ ಡಬ್ಬಿಯ ತಳದಲ್ಲಿ ಬಚ್ಚಿಡ್ತಾರೆ. ನಿಮ್ಮದನ್ನು ದೇವರಿಗೆ ಹಾಕ್ತಾರೆ."

ದೊರೆಯ ಮುಖ ಅರಳಿತು. "ದೇವರಿಗೆ! ಅಷ್ಟೊಂದು ಗೌರವವೇ?"

"ಹೌದು, ಪ್ರಭು. 'ಇದು ಬೇಡ, ಬೇರೆ ಕೊಡಿ' ಅನ್ನದವರು ದೇವರೊಬ್ಬರೇ."