ಬಿಗಿ ಮುಚ್ಚಳದ ಡಬ್ಬಿ

ನಳಿನಾಕ್ಷಿಯಮ್ಮನವರ ಕಾರೂ ಎದುರುಮನೆಯ ಐರಿನ್ ಬಾಯಿಯ ಕಾರೂ ಕೀಲಿ ಹತ್ತಿರ ಬಂದರೆ ಸಾಕು, ತಾವೇ ತೆರೆಯುವಂಥವು. ಕಳ್ಳರು ಕೀಲಿ ಹೊರಸೂಸುವ ರೇಡಿಯೋ ಸಂಕೇತವನ್ನೇ ಕದಿಯುತ್ತಾರೆಂದು ಐರಿನ್ ಬಾಯಿ ದುಬೈಯಿಂದ ಸಂಕೇತ ಹೊರಹೋಗದ ಕೀಲಿಚೀಲ ತರಿಸಿದರು. ನಳಿನಾಕ್ಷಿಯಮ್ಮನವರ ಹೊಟ್ಟೆ ಉರಿಯಿತು.

“ಅದಕ್ಕಿಂತ ಒಳ್ಳೆಯದು ಸಂಜೆಯೊಳಗೆ ಬೇಕು. ಇಲ್ಲದಿದ್ದರೆ ನಾಳೆಯಿಂದ ಬರಬೇಡ,” ಎಂದರು ಅಡುಗೆಯ ಗಿರಿಜೆಗೆ.

ಗಿರಿಜೆ ಕೀಲಿಯನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಕಾರಿನ ಪಕ್ಕ ನಿಂತಳು. ಬಾಗಿಲು ತೆರೆಯಲಿಲ್ಲ. ಹಿಗ್ಗಿದ ನಳಿನಾಕ್ಷಿಯಮ್ಮ ಐರಿನ್ ಬಾಯಿಯನ್ನು ಕರೆದು ತೋರಿಸಿದರು.

ಐರಿನ್ ಬಾಯಿ ಡಬ್ಬಿ ತಿರುಗಿಸಿ, ತಳದಲ್ಲಿ ಕೊರೆಸಿದ ಹೆಸರು ಓದಿದರು. “ಕ್ರಿಸ್‌ಮಸ್ ತಿಂಡಿ ಕಳಿಸಿದ ನನ್ನ ಡಬ್ಬಿ!”

ಗಿರಿಜೆ ತಟ್ಟನೆ ಮುಂದೆ ಬಂದಳು.

“ಅದಕ್ಕೇ ಇಟ್ಟುಕೊಂಡೆವು ಬಾಯಮ್ಮ! ಇಷ್ಟು ಬಿಗಿ ಮುಚ್ಚಳ ಈ ಬೀದಿಯಲ್ಲಿ ಇನ್ಯಾರ ಮನೆಯಲ್ಲಿದೆ?”

ಐರಿನ್ ಬಾಯಿ ಉಬ್ಬಿಹೋಗಿ, “ಇರಲಿ, ಇಟ್ಟುಕೊಳ್ಳಿ,” ಎಂದು ಹೊರಟರು.

ನಳಿನಾಕ್ಷಿಯಮ್ಮ ಹಲ್ಲು ಕಡಿದರು. “ನಾಳೆ ಬೇಗ ಬಾ ಗಿರಿಜಾ. ಅವಳದಕ್ಕಿಂತ ಬಿಗಿಯಾದ ಡಬ್ಬಿ ಹುಡುಕಬೇಕು!”