ಮಾತು ಮರೆಯದ ನಟ

ನಾಟಕ ಕಂಪನಿಯ ಹಳೆಯ ನಟ ಗುರುಪಾದಪ್ಪನವರ ಜೀವನಚರಿತ್ರೆ ಅಚ್ಚಿಗೆ ಹೋಗುವುದರಲ್ಲಿತ್ತು. ಬರೆದ ಪ್ರೊಫೆಸರ್ ಕಡಕೋಳರು ಮುದುಕ ಫಕ್ಕೀರಪ್ಪನನ್ನು ನಟರ ಮನೆಗೇ ಕರೆಸಿ, ಒಂದು ಹಾಳೆ ಮುಂದಿಟ್ಟರು.

"ನಲವತ್ತು ವರ್ಷದಾಗ ಇವರು ಒಂದ ಮಾತೂ ಮರೆತವರಲ್ಲ ಅಂತ ಬರದೇನಿ. ನೀ ಕಂಪನಿಯೊಳಗ ಇದ್ದಾವ. ಸಾಕ್ಷಿ ಅಂತ ಸಹಿ ಹಾಕು. ಪುಸ್ತಕದಾಗ ನಿನ್ನ ಹೆಸರೂ ಬರ್ತೈತಿ."

ಫಕ್ಕೀರಪ್ಪ ಹಾಳೆಯನ್ನು ಎರಡು ಸಲ ಓದಿದ. ಸುಳ್ಳಿಗೆ ಸಹಿ ಹಾಕಲು ಮನಸ್ಸಿಲ್ಲ. ಎದುರಿಗೇ ಆರಾಮಕುರ್ಚಿಯಲ್ಲಿ ಕೂತ ಧಣಿ ಗುರುಪಾದಪ್ಪನವರ ಮಾನ ಕಳೆಯಲೂ ಮನಸ್ಸಿಲ್ಲ.

"ಹಾಕ್ತೇನ್ರೀ," ಎಂದ. ಸಹಿ ಮಾಡಿ, ಕೆಳಗೆ ತನ್ನ ಕಸುಬನ್ನೂ ದುಂಡಗೆ ಬರೆದ: 'ಮೂವತ್ತು ವರ್ಷ ಪರದೆಯ ಮರೆಯಲ್ಲಿ ಕೂತು ಇವರಿಗೆ ಮಾತು ಹೇಳಿಕೊಟ್ಟವನು.'

ಪ್ರೊಫೆಸರರ ಮುಖ ಕೆಂಪೇರಿತು. "ಇದನ್ನ ಹೆಂಗ ಅಚ್ಚು ಹಾಕಿಸ್ಲಿ? ಕಸುಬು ಹೊಡದುಹಾಕು!"

"ಕಸುಬು ತಗದ್ರ ನಾ ಸಾಕ್ಷಿ ಹೆಂಗ ಆಗ್ತೇನ್ರೀ ಸಾಹೇಬ್ರ? ಬರೇ ಟಿಕೆಟ್ ತಗೊಂಡು ನೋಡಿದಾವ ಆಗ್ತೇನಿ."

ಗುರುಪಾದಪ್ಪನವರು ಹಾಳೆ ಇಸಿದುಕೊಂಡು ಓದಿದರು. ನಗುವುದಕ್ಕೆ ಶುರುಮಾಡಿದವರು ಕಣ್ಣೀರು ಬರುವ ತನಕ ನಕ್ಕರು.

"ಫಕ್ಕೀರಾ, ದಾವಣಗೆರೆ ಕ್ಯಾಂಪಿನಾಗ ನಿನಗ ಕೆಮ್ಮು ಹತ್ತಿತ್ತಲ್ಲ, ನೆನಪೈತೇನ?"

"ಮರೀಲಿಕ್ಕೆ ಆಗ್ತೈತೇನ್ರೀ ಧಣಿ? 'ಎಲೈ ಮಂತ್ರಿ, ಖೊಕ್ ಖೊಕ್' ಅಂತ ನೀವು ನನ್ನ ಕೆಮ್ಮೂ ಸೇರಿಸಿ ರಂಗದ ಮ್ಯಾಲ ಅಂದ್ರಿ. ಮಂದಿ ಒನ್ಸ್ ಮೋರ್ ಅಂತ ಕೂಗಿದ್ರು."

"ಮತ್ತೊಮ್ಮೆ ಕೆಮ್ಮಿದ್ಯಲ್ಲೋ ನೀ, ನನ್ನ ಸಲುವಾಗಿ!"

ಆ ದೀಪ, ಆ ಪರದೆ, ಆ ಮಂದಿ ಯಾವುದೂ ಈಗಿಲ್ಲ.

ಗುರುಪಾದಪ್ಪನವರು ತಮ್ಮ ಪಕ್ಕದ ಕುರ್ಚಿ ತಟ್ಟಿ ಫಕ್ಕೀರಪ್ಪನನ್ನು ಕೂರಿಸಿಕೊಂಡರು.

"ಪ್ರೊಫೆಸರ್ರ, ಪೆನ್ನು ತಗೀರಿ," ಎಂದರು. "ನಮ್ಮ ಚರಿತ್ರೆ ಈಗ ಶುರು ಆಗ್ತೈತಿ."